ಫೋಟೋ ಎಲ್ಲಾ ಇದಾವೆ, ಯಾರ ಮದುವೆದು ಅಂತ ಗೊತ್ತಿಲ್ಲ: ಸ್ಟುಡಿಯೋದವರೇ ಹುಷಾರು

ಮದುವೆ ಫೋಟೋ, ಆಲ್ಬಮ್ ಕೆಲಸ ಮಾಡುವವರಿಗೆ ‘ಫೋಟೋ ಸರ್ವರ್’ ಅಂತ, ಫೋಟೋ ಎಲ್ಲಾ ಒಂದೇ ಕಡೆ ಇಟ್ಟು ಎಲ್ಲಾ ಕಂಪ್ಯೂಟರಿನಿಂದ ನೋಡುವ ಒಂದು ಡಬ್ಬಿ ಮಾರಲು ಬರುತ್ತಾರೆ. ಮಾರಿದವರ ಹೆಸರು ಹಾಕಲ್ಲ, ಜಗಳ ಬೇಡ. ಆದರೆ ಅದರೊಳಗೆ ಏನು ನಡೆಯುತ್ತದೆ ಅಂತ ಕೊಳ್ಳುವ ಮುಂಚೆ ತಿಳಿದುಕೊಳ್ಳಿ.

ದಾವಣಗೆರೆ ವಿದ್ಯಾನಗರದ ನಮ್ಮ ಸ್ಟುಡಿಯೋದಲ್ಲಿ ಅದನ್ನು ಹಾಕಿಸಿದ್ದು ಹುಡುಕೋದು ಸುಲಭ ಆಗಲಿ ಅಂತ. ಮದುಮಗಳ ಹೆಸರು ಹೊಡೆದರೆ ಸಾಕು, ಅರಿಶಿನ ಶಾಸ್ತ್ರದಿಂದ ಆರತಕ್ಷತೆ ತನಕ ಎಲ್ಲಾ ಬರುತ್ತಿತ್ತು. ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳಲಿ.

ಫೈಲಿನ ಹೆಸರು, ಫೋಲ್ಡರು, ತಾರೀಖು ಎಲ್ಲಾ ಒಂದು ಎಸ್‌ಕ್ಯೂಲೈಟ್ (ಇಡೀ ಪಟ್ಟಿಯನ್ನು ಒಂದೇ ಫೈಲಿನಲ್ಲಿಡುವ ಸಾಫ್ಟ್‌ವೇರ್) ಡೇಟಾಬೇಸಿನಲ್ಲಿ. ಡಿಸ್ಕಿನಲ್ಲಿರುವ ಫೋಟೋಗೆ ಅರವತ್ತನಾಲ್ಕು ಅಕ್ಷರದ, ತಲೆಬುಡ ಇಲ್ಲದ ಹೆಸರು. ಕೊನೆಗೆ ಜೆಪಿಜಿ ಅಂತಲೂ ಇರಲ್ಲ. ಯಾವ ಫೋಟೋ ಯಾರದು ಅಂತ ಆ ಡೇಟಾಬೇಸಿಗೆ ಮಾತ್ರ ಗೊತ್ತು.

ಒಂದು ಸಂಜೆ ಕರೆಂಟ್ ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು. ಮತ್ತೆ ಆನ್ ಮಾಡಿದರೆ ಪರದೆ ಮೇಲೆ ಒಂದೇ ಸಾಲು: ‘ಡೇಟಾಬೇಸ್ ಡಿಸ್ಕ್ ಇಮೇಜ್ ಈಸ್ ಮಾಲ್‌ಫಾರ್ಮ್ಡ್’. ಅಂದರೆ ಡೇಟಾಬೇಸ್ ಫೈಲೇ ಕೆಟ್ಟಿದೆ ಅಂತ. ಮಾರಿದವರಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗ, ‘ಟೆನ್ಶನ್ ಮಾಡ್ಕೋಬೇಡಿ ಸರ್, ಫೈಲ್ ಎಲ್ಲಾ ಸೇಫ್ ಇದಾವೆ, ಹೆಸರು ಮಾತ್ರ ಹೋಗಿದೆ’ ಅಂದ. ಹೆಸರು ಮಾತ್ರವಂತೆ!

ಕರೆಂಟ್ ಬರೀ ನೆಪ. ಸರಿಯಾಗಿ ಬಳಸಿದರೆ ಎಸ್‌ಕ್ಯೂಲೈಟ್ ಕರೆಂಟ್ ಹೋದರೂ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಡಬ್ಬಿ ಮಾರಿದವರು ಡೇಟಾಬೇಸ್ ಫೈಲನ್ನು ಶೇರ್ಡ್ ಫೋಲ್ಡರಿನಲ್ಲಿಟ್ಟು, ಎಲ್ಲಾ ಕಂಪ್ಯೂಟರುಗಳಿಂದ ನೇರವಾಗಿ ತೆರೆಯುವ ಹಾಗೆ ಮಾಡಿದ್ದರು, ಅದೂ ‘ವಾಲ್’ ಮೋಡಿನಲ್ಲಿ (ಹೊಸ ಎಂಟ್ರಿಗಳನ್ನು ಮೊದಲು ಪಕ್ಕದ ಇನ್ನೊಂದು ಫೈಲಿಗೆ ಬರೆಯುವ ರೀತಿ). ಆ ಮೋಡು ಬೇರೆ ಬೇರೆ ಮಷಿನ್ ನಡುವೆ ಕೆಲಸ ಮಾಡುವುದಿಲ್ಲ ಅಂತ ಎಸ್‌ಕ್ಯೂಲೈಟ್ ಮಾಡಿದವರೇ ಬರೆದಿದ್ದಾರೆ. ನೆಟ್‌ವರ್ಕ್ ಮೇಲೆ ಫೈಲ್ ಲಾಕ್ (ಇಬ್ಬರು ಒಟ್ಟಿಗೆ ಬರೆಯದ ಹಾಗೆ ತಡೆಯುವುದು) ನಂಬುವಂತಿಲ್ಲ ಅಂತಲೂ ಎಚ್ಚರಿಸಿದ್ದಾರೆ.

ಬ್ಯಾಕಪ್ ಕಥೆ ಇನ್ನೂ ಚೆಂದ. ರಾತ್ರಿ ಪ್ರೋಗ್ರಾಂ ಓಡುತ್ತಿರುವಾಗಲೇ ಮುಖ್ಯ ಡೇಟಾಬೇಸ್ ಫೈಲ್ ಒಂದನ್ನೇ ಕಾಪಿ ಮಾಡುತ್ತಿತ್ತು. ಹೊಸ ಎಂಟ್ರಿಗಳು ಮೊದಲು ಕೂರುವ ‘ವಾಲ್’ ಫೈಲನ್ನು ಮುಟ್ಟುತ್ತಲೇ ಇರಲಿಲ್ಲ. ಹೀಗಾಗಿ ಕೆಲವು ಕಾಪಿ ತೆರೆಯಲೇ ಇಲ್ಲ. ತೆರೆದವುಗಳಲ್ಲಿ ಇತ್ತೀಚಿನ ಮದುವೆಗಳೇ ಇಲ್ಲ.

ಕೆಟ್ಟ ಡೇಟಾಬೇಸಿನಿಂದ ಸಿಕ್ಕಷ್ಟು ಎತ್ತಿಕೊಡುವ ಎಸ್‌ಕ್ಯೂಲೈಟಿನ ‘.ರಿಕವರ್’ ಕಮಾಂಡ್ ಒಂದಿಷ್ಟು ಹೆಸರು ವಾಪಸ್ ಕೊಟ್ಟಿತು. ಕ್ಯಾಮೆರಾ ಫೋಟೋದೊಳಗೆ ಎಕ್ಸಿಫ್ (ಕ್ಯಾಮೆರಾ ತಾನೇ ಬರೆದಿಡುವ ವಿವರ) ಇರುತ್ತದಲ್ಲ, ಅದರಲ್ಲಿನ ತಾರೀಖು ನೋಡಿ ವಿಂಗಡಿಸಿದೆವು. ಒಂದೇ ಮುಹೂರ್ತಕ್ಕೆ ಎರಡು ಮದುವೆ ಇದ್ದ ಕಡೆ ಕ್ಯಾಮೆರಾದ ಸೀರಿಯಲ್ ನಂಬರ್ ಕೈಹಿಡಿಯಿತು. ವಾಟ್ಸಾಪಿನಲ್ಲಿ ಬಂದ ಫೋಟೋಗೆ ಸಾಮಾನ್ಯವಾಗಿ ಎಕ್ಸಿಫ್ ಇರಲ್ಲ. ಅವನ್ನು ಧಾರೆ ಸೀರೆ ಬಣ್ಣ, ಮಂಟಪದ ಹೂವು ನೋಡಿ ಜೋಡಿಸಿದ್ದು. ಜಗಳೂರಿನ ಒಬ್ಬರು ದಿನಾ ಫೋನ್ ಮಾಡಿ, ‘ಆಲ್ಬಮ್ ಏನಾತಪ್ಪಾ?’ ಅಂತ ಕೇಳುತ್ತಿದ್ದರು. ಏನಂತ ಹೇಳೋದು?

ಡೇಟಾಬೇಸೇ ಕೆಟ್ಟದ್ದು ಅಂತಲ್ಲ. ನಮ್ಮದೇ ಸರ್ವರಿನಲ್ಲಿ ಫೈಲ್ ಇಟ್ಟುಕೊಳ್ಳುವ ನೆಕ್ಸ್ಟ್‌ಕ್ಲೌಡ್ ಸಾಫ್ಟ್‌ವೇರನ್ನೇ ನೋಡಿ. ಮಾಮೂಲಿ ಡಿಸ್ಕಿನಲ್ಲಿ ಇಟ್ಟರೆ ಫೈಲುಗಳು ಅವವೇ ಹೆಸರಿನಲ್ಲಿ ಇರುತ್ತವೆ. ಆಬ್ಜೆಕ್ಟ್ ಸ್ಟೋರೇಜನ್ನೇ (ಫೋಲ್ಡರ್ ಇಲ್ಲದೆ ಗುರುತಿನ ಮೇಲೆ ಫೈಲ್ ಇಡುವ ಜಾಗ) ಮುಖ್ಯ ಜಾಗ ಮಾಡಿದರೆ ಮಾತ್ರ ಬರೀ ನಂಬರ್ ಉಳಿದು, ಹೆಸರು ಡೇಟಾಬೇಸಿಗೆ ಹೋಗುತ್ತದೆ. ಬಿಓಎಸ್ ಅನ್ನೋ ಹಳೇ ಆಪರೇಟಿಂಗ್ ಸಿಸ್ಟಮ್ ಮಾಡಿದವರೂ ಮೊದಲು ಫೈಲಿನ ವಿವರಗಳನ್ನು ಬೇರೆ ಡೇಟಾಬೇಸಿನಲ್ಲಿಟ್ಟಿದ್ದರು. ಎರಡಕ್ಕೂ ತಾಳೆ ಕೂಡಿಸುವುದೇ ಕಷ್ಟವಾಗಿ, 1996-97ರಲ್ಲಿ ಬರೆದ ಹೊಸ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆ) ಒಳಗೇ ಅವನ್ನು ತಂದರು.

ಡೆಮೋಗೆ ಬಂದವರಿಗೆ ಒಂದು ಮಾತು ಹೇಳಿ: ‘ನಿಮ್ಮ ಪ್ರೋಗ್ರಾಂ ಬಂದ್ ಮಾಡಿ, ಈ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ, ಒಂದು ಮದುವೆ ಫೋಟೋ ತೋರಿಸಿ.’ ಆಗದಿದ್ದರೆ ದುಡ್ಡು ಕೊಡಬೇಡಿ. ಈಗಾಗಲೇ ಕೊಂಡಿದ್ದರೆ ಡೇಟಾಬೇಸನ್ನು ಸರ್ವರ್ ಒಂದೇ ತೆರೆಯುವ ಹಾಗೆ ಮಾಡಿಸಿ. ಬ್ಯಾಕಪ್‌ಗೆ ಸುಮ್ನೆ ಕಾಪಿ ಬೇಡ, ಎಸ್‌ಕ್ಯೂಲೈಟಿನ ‘.ಬ್ಯಾಕಪ್’ ಕಮಾಂಡನ್ನೇ ಹಾಕಿಸಿ. ಫೈಲ್ ಹೆಸರುಗಳ ಪಟ್ಟಿಯನ್ನು ಆಗಾಗ ಸಿಎಸ್‌ವಿ (ಎಕ್ಸೆಲ್‌ನಲ್ಲೂ ತೆರೆಯುವ ಸಾದಾ ಪಟ್ಟಿ) ಮಾಡಿ ಪೆನ್‌ಡ್ರೈವಿಗೆ ಹಾಕಿಡಿ. ವಾರಂಟಿ ಕಾಗದವನ್ನೂ ಒಮ್ಮೆ ಓದಿ. ನಮ್ಮದರಲ್ಲಿ ಡಬ್ಬಿಗೆ, ಡಿಸ್ಕಿಗೆ ವಾರಂಟಿ ಇತ್ತು. ಡೇಟಾಗೆ ಇರಲಿಲ್ಲ.