ಫೋರ್ಟ್ ಫುಟ್‌ಪಾತಿನ ಡಿಕ್ಷನರಿಗಳು: ಕೊಳ್ಳುವ ಮುಂಚೆ ‘ಬ್ಯಾಂಕ್’ ಪುಟ ತೆಗೆಯಿರಿ

ಚರ್ಚ್‌ಗೇಟ್ ಸ್ಟೇಷನ್ನಿನಿಂದ ವೀರ್ ನರಿಮನ್ ರಸ್ತೆ ಹಿಡಿದು ಫ್ಲೋರಾ ಫೌಂಟನ್ ಕಡೆ ನಡೆದರೆ ಫುಟ್‌ಪಾತಿನ ಮೇಲೆ ಹಳೇ ಪುಸ್ತಕಗಳ ರಾಶಿ ಸಿಗುತ್ತದೆ. ಮುಂಬಯಿಯಲ್ಲಿ ಕಡಿಮೆ ದುಡ್ಡಿಗೆ ಒಳ್ಳೆಯ ಇಂಗ್ಲಿಷ್ ಡಿಕ್ಷನರಿ ಬೇಕೆಂದರೆ ನಾವು ಮೊದಲು ಕಳಿಸುವುದು ಇಲ್ಲಿಗೇ. ಕೆಟ್ಟದ್ದೂ ಅದೇ ರಾಶಿಯಲ್ಲಿ ಇರುತ್ತದೆ. ಎರಡನ್ನೂ ಬೇರೆ ಮಾಡಲು ‘ಬ್ಯಾಂಕ್’ ಎಂಬ ಒಂದೇ ಪದ ಸಾಕು.

ಈ ಪದದ ಕಾಗುಣಿತ ಒಂದೇ, ಇಂಗ್ಲಿಷಿಗೆ ಬಂದ ದಾರಿ ಮೂರು. ನದಿಯ ದಂಡೆ, ಮಣ್ಣಿನ ಏರಿ ಎಂಬರ್ಥದ್ದು ಸ್ಕ್ಯಾಂಡಿನೇವಿಯಾ ಕಡೆಯದು; ಹಳೆಯ ನಾರ್ಸ್ ಭಾಷೆಯ ‘ಬಕ್ಕಿ’ ಇದರ ನೆಂಟ. ಹಣದ ಬ್ಯಾಂಕ್ ಬಂದದ್ದು 15ನೇ ಶತಮಾನದಲ್ಲಿ, ಇಟಾಲಿಯನ್ನಿನ ‘ಬಾಂಕಾ’ದಿಂದ ಫ್ರೆಂಚ್ ಮೂಲಕ. ಬಾಂಕಾ ಎಂದರೆ ನಾಣ್ಯ ಬದಲಿಸಿಕೊಡುವವರು ಮುಂದಿಟ್ಟುಕೊಳ್ಳುತ್ತಿದ್ದ ಬೆಂಚು. ದಿವಾಳಿಯ ‘ಬ್ಯಾಂಕ್‌ರಪ್ಟ್’ ಅದೇ ಮನೆಯದು: ‘ಬಾಂಕಾ ರೊಟ್ಟಾ’, ಮುರಿದ ಬೆಂಚು. ಕೊನೆಯ ‘ರಪ್ಟ್’ ಮಾತ್ರ ಲ್ಯಾಟಿನ್ನಿನ ‘ರುಪ್ಟುಸ್’ ನೋಡಿ ತಿದ್ದಿಕೊಂಡ ಕಾಗುಣಿತ. ಮೂರನೆಯದು ಸಾಲು ಎಂಬರ್ಥದ್ದು, ಸ್ವಿಚ್ಚುಗಳ ಸಾಲು ಅನ್ನುತ್ತೇವಲ್ಲ, ಹಾಗೆ. ಇದು ಹಳೆಯ ಫ್ರೆಂಚಿನ ‘ಬಾಂಕ್’. ದೊಡ್ಡ ಹಡಗುಗಳಲ್ಲಿ ಹುಟ್ಟು ಹಾಕುವವರು ಸಾಲಾಗಿ ಕೂರುತ್ತಿದ್ದ ಬೆಂಚು. ಇನ್ನೂ ಹಿಂದಕ್ಕೆ ಹೋದರೆ ಮೂರೂ ಸೇರುವುದು ‘ಬೆಂಚ್’ ಪದ ಹುಟ್ಟಿದ ಜರ್ಮಾನಿಕ್ (ಇಂಗ್ಲಿಷ್, ಜರ್ಮನ್ ಮುಂತಾದ ಭಾಷೆಗಳ ಕುಟುಂಬ) ಬೇರಿಗೇ. ವ್ಯಾಪಾರಿಗಳು ನದಿಯ ದಡದಲ್ಲಿ ಕೂತು ಹಣ ಎಣಿಸುತ್ತಿದ್ದರು, ಅದಕ್ಕೇ ಬ್ಯಾಂಕ್ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈಗ ಕೈಯಲ್ಲಿರುವ ಪುಸ್ತಕ ನೋಡಿ. ಒಳ್ಳೆಯದಾದರೆ ಈ ಮೂರನ್ನೂ ಬೇರೆ ಬೇರೆ ಪದಗಳಾಗಿ ಕೊಟ್ಟಿರುತ್ತದೆ. ವಿಮಾನ ತಿರುಗುವಾಗ ಒಂದು ಕಡೆಗೆ ವಾಲುವ ಅರ್ಥ ದಂಡೆಯ ಬ್ಯಾಂಕಿನ ಕೆಳಗೆ ಇರಬೇಕು. ಯಾರನ್ನಾದರೂ ನೆಚ್ಚಿಕೊಳ್ಳುವ ‘ಬ್ಯಾಂಕ್ ಆನ್’ ಹಣದ ಬ್ಯಾಂಕಿನ ಕೆಳಗೆ. ಎಲ್ಲವನ್ನೂ ಒಂದೇ ಪ್ಯಾರಾದಲ್ಲಿ ಕಲಸಿಟ್ಟ ಪುಸ್ತಕವನ್ನು ಪದಮೂಲಕ್ಕಾಗಿ ಕೊಳ್ಳಬೇಡಿ.

ನಮ್ಮ ಆಯ್ಕೆ ಮೆರಿಯಂ-ವೆಬ್‌ಸ್ಟರ್ಸ್ ಕಾಲೇಜಿಯೇಟ್, 1983ರ 9ನೇ ಆವೃತ್ತಿ ಅಥವಾ ಅದರ ನಂತರದ್ದು. ಪದಗಳ ಮೊದಲ ಬಳಕೆಯ ಕಾಲವನ್ನು ಕೊಡಲು ಶುರುಮಾಡಿದ್ದು ಆ ಆವೃತ್ತಿಯಲ್ಲಿ. ಇದನ್ನು ಓದುವಾಗ ಜನ ಮೂರು ಕಡೆ ಎಡವುತ್ತಾರೆ. ಕೊಟ್ಟಿರುವ ಕಾಲ ಮೊದಲು ಬರೆದ ಅರ್ಥಕ್ಕೆ ಮಾತ್ರ, ಕೆಳಗಿನ ಎಲ್ಲ ಅರ್ಥಗಳಿಗಲ್ಲ. ಅರ್ಥಗಳ ಕ್ರಮ ಇತಿಹಾಸದ್ದು. ಮೊದಲಿರುವುದು ಹಳೆಯದು, ಇವತ್ತು ಹೆಚ್ಚು ಬಳಕೆಯಲ್ಲಿರುವುದೇ ಆಗಬೇಕಿಲ್ಲ. ಇನ್ನು ಪದದ ತಲೆಯ ಮೇಲಿನ ಪುಟ್ಟ ಅಂಕೆ: ಇದರಲ್ಲಿ ನಾಮಪದಕ್ಕೊಂದು, ಕ್ರಿಯಾಪದಕ್ಕೊಂದು ಅಂಕೆ ಹಾಕುತ್ತಾರೆ. ಹಾಗಾಗಿ ಅಂಕೆ ಬೇರೆಯಾದ ಮಾತ್ರಕ್ಕೆ ಮೂಲವೂ ಬೇರೆ ಅಂದುಕೊಳ್ಳಬೇಡಿ, ಮೂಲ ಬರೆದಿರುವ ಚೌಕ ಬ್ರಾಕೆಟ್ಟಿನ ಒಳಗೆ ಓದಿ. ಈಚಿನ ಆಕ್ಸ್‌ಫರ್ಡ್ ಡಿಕ್ಷನರಿಗಳಲ್ಲಿ ಮೂಲ ಬೇರೆಯಾದಾಗ ಅಂಕೆ ಬದಲಾಗುತ್ತದೆ, ಮೂಲದ ಟಿಪ್ಪಣಿ ಕೊನೆಯಲ್ಲಿರುತ್ತದೆ. ಕನ್‌ಸೈಸ್ ಆಕ್ಸ್‌ಫರ್ಡ್ ಕೂಡ ಒಳ್ಳೆಯದೇ, ಹಗುರ, ಲೋಕಲ್ ಟ್ರೈನಿನಲ್ಲಿ ಹೊತ್ತು ತರಬಹುದು. ಬ್ಯಾಂಕ್ ನೌಕರಿಯ ಪರೀಕ್ಷೆಗೆ ಓದುವ ಮಕ್ಕಳಿಗಾದರೆ, ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಲರ್ನರ್ಸ್ ಡಿಕ್ಷನರಿ ಸಾಕು. ಉದಾಹರಣೆ ವಾಕ್ಯಗಳು ಅದರಲ್ಲೇ ಚೆನ್ನಾಗಿರುತ್ತವೆ.

ಪುಸ್ತಕದ ಮೈ ನೋಡುವುದನ್ನು ಮರೆಯಬೇಡಿ. ಅಂಗಡಿಯವನು ‘ಓರಿಜಿನಲ್ ಹೈ’ ಅಂದೇ ಅನ್ನುತ್ತಾನೆ. ಆ ಪುಟ್ಟ ಅಂಕೆಯನ್ನು ಬೆಳಕಿಗೆ ಹಿಡಿಯಿರಿ. ನಕಲು ಮುದ್ರಣದಲ್ಲಿ ಮಸಿ ತುಂಬಿಕೊಂಡು 1, 2, 3 ಎಲ್ಲ ಒಂದೇ ಚುಕ್ಕೆಯಂತೆ ಕಾಣುತ್ತವೆ, ಉಚ್ಚಾರದ ಗುರುತುಗಳೂ ಮಾಸಿರುತ್ತವೆ, ಹಿಂದಿನ ಪುಟದ ಅಕ್ಷರ ಈಚೆ ತೋರುತ್ತದೆ. ಬೇರೆ ಬೇರೆ ಮೂಲ ತಿಳಿಯಲೆಂದು ಕೊಂಡವರಿಗೆ ಅಂಥ ಪ್ರತಿ ದಂಡ. ಆಮೇಲೆ ಪುಸ್ತಕವನ್ನು ನಡುವೆ ಬಿಡಿಸಿ: ಹೊಲಿಗೆಯ ದಾರ ಕಂಡರೆ ಒಳ್ಳೆಯದು, ಬರೀ ಗೋಂದಾದರೆ ಬೆನ್ನು ಬಿರುಕು ಬಿಟ್ಟು ಪುಟಗಳು ಕಂತೆಕಂತೆಯಾಗಿ ಕಳಚುತ್ತವೆ. ಎಸ್ ಅಕ್ಷರ ಎಲ್ಲಕ್ಕಿಂತ ದೊಡ್ಡದು, ಅಲ್ಲಿ ಪುಟಸಂಖ್ಯೆ ಸರಿಯಾಗಿದೆಯೇ ನೋಡಿ. ಮೊದಲ ಕೆಲವು ಹಾಳೆ ಹರಿದಿದ್ದರೆ ಸಂಕ್ಷೇಪಾಕ್ಷರಗಳ ಪಟ್ಟಿಯೂ ಹೋಗಿರಬಹುದು, ಅದಿಲ್ಲದೆ ‘ಓ.ಎನ್.’ ಅಂದರೆ ಹಳೆಯ ನಾರ್ಸ್, ‘ಓ.ಎಫ್.’ ಅಂದರೆ ಹಳೆಯ ಫ್ರೆಂಚ್ ಎಂದು ಹೊಸಬರಿಗೆ ಗೊತ್ತಾಗುವುದಿಲ್ಲ.

ಮುಖಬೆಲೆಯ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ. ನಿಧಾನವಾಗಿ ಚೌಕಾಸಿ ಮಾಡಿದರೆ ಇಳಿಯುತ್ತದೆ. ಮಳೆಗಾಲದಲ್ಲಿ ಹೋಗದಿರುವುದೇ ಲೇಸು. ತಾಡಪತ್ರಿ ಹೊದಿಸಿದ್ದರೂ ತಳದ ಪುಸ್ತಕಗಳು ತೇವ ಹೀರುತ್ತವೆ, ನಯವಾದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡರೆ ಬಿಡಿಸುವಾಗ ಅಕ್ಷರವೇ ಕಿತ್ತು ಬರುತ್ತದೆ. ಇಂಗ್ಲಿಷ್-ಕನ್ನಡ ನಿಘಂಟು ಈ ರಾಶಿಯಲ್ಲಿ ಸಿಗುವುದು ಅಪರೂಪ, ಅದನ್ನು ಊರಿಗೆ ಹೋದಾಗಲೇ ತನ್ನಿ.