ಮೂರು ಕೇಪು, ನಾಲ್ಕು ಮದ್ದು: ಹೊತ್ತಿಕೊಳ್ಳದ ರೈಫಲ್‌ನ ಮುಂದೆ ಒಂದು ಹೋಲಿಕೆ

ನಳಿಗೆಯ ಬಾಯಿಂದ ಮದ್ದು ತುಂಬುವ ಇಂದಿನ ರೈಫಲ್ ಹೊತ್ತಿಕೊಳ್ಳದೆ ಸತಾಯಿಸಿದಾಗ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಇನ್ನೂ ಜೋರಾದ ಪ್ರೈಮರ್ (ಬಡಿದರೆ ಸಿಡಿದು ಮದ್ದಿಗೆ ಉರಿ ಕೊಡುವ ಪುಟ್ಟ ಬಟ್ಟಲು; ಕೇಪಿನದೂ ಅದೇ ಕೆಲಸ) ಹಾಕಿ. ನಾನು ಇದನ್ನು ಒಪ್ಪುವುದಿಲ್ಲ. .50 ಕ್ಯಾಲಿಬರಿನ ಒಂದೇ ರೈಫಲ್‌ಗೆ ಬೇರೆ ಬೇರೆ ಬ್ರೀಚ್ ಪ್ಲಗ್ (ನಳಿಗೆಯ ಹಿಂತುದಿ ಮುಚ್ಚುವ, ಕೇಪಿನ ಉರಿ ಹಾಯುವ ತೂತುಳ್ಳ ತಿರುಪು ಬಿರಡೆ) ತೊಡಿಸಿ, 11ನೇ ನಂಬರಿನ ಕೇಪು, ಮಸ್ಕೆಟ್ ಕೇಪು, 209 ಪ್ರೈಮರ್ ಮೂರನ್ನೂ ಬೇರೆ ಬೇರೆ ಮದ್ದಿನೊಂದಿಗೆ ಹೊಡೆದು ನೋಡಿದ್ದೇನೆ. ಕಿಡಿ ಸಾಲದೆ ಕೈಕೊಟ್ಟ ಸಂದರ್ಭಗಳು ಕಡಿಮೆ; ಕಿಡಿ ಹೋಗುವ ದಾರಿ ಮುಚ್ಚಿ ಕೈಕೊಟ್ಟವೇ ಹೆಚ್ಚು. ದಾರಿ ಮುಚ್ಚುವ ಬಗೆಯೂ ಒಂದೊಂದು ಜೋಡಿಗೆ ಒಂದೊಂದು ತೆರ. ಹಾಗಾಗಿ ಕೇಪನ್ನಷ್ಟೇ ಅಥವಾ ಮದ್ದನ್ನಷ್ಟೇ ಹೋಲಿಸಿದರೆ ಏನೂ ತಿಳಿಯುವುದಿಲ್ಲ, ಜೋಡಿಗಳನ್ನೇ ಹೋಲಿಸಬೇಕು.

ಅದಕ್ಕೂ ಮೊದಲು ಕಿವಿಗೊಡಬೇಕಾದದ್ದು ಸದ್ದಿಗೆ. ಕುದುರೆ ಎಳೆದಾಗ ಬರೀ 'ಟಿಕ್' ಎಂದರೆ ಕೇಪೇ ಸಿಡಿದಿಲ್ಲ. ತೊಂದರೆ ಕೇಪಿಗೆ ಬಡಿಯುವ ಮೊಳೆಯಾದ ಫೈರಿಂಗ್ ಪಿನ್‌ನಲ್ಲೋ ಕೇಪು ಕೂತ ರೀತಿಯಲ್ಲೋ ಇದೆ. 'ಪಟ್' ಎಂದು ನಿಂತರೆ ಕೇಪು ಸಿಡಿದಿದೆ, ಉರಿ ಮದ್ದನ್ನು ಮುಟ್ಟಿಲ್ಲ, ಅಥವಾ ಮುಟ್ಟಿದರೂ ಸಾಲದಾಗಿದೆ. 'ಪಟ್' ಎಂದು ಕ್ಷಣ ತಡೆದು 'ಢಂ' ಎಂದರೆ ದಾರಿ ಅರ್ಧ ಮುಚ್ಚಿದೆ ಅಥವಾ ಮದ್ದು ತೇವಗೊಂಡಿದೆ. ಈ ಮೂರನೆಯದು ಬಲು ಅಪಾಯಕಾರಿ. ಎರಡನೆಯದೆಂದು ನಂಬಿ ಕೋವಿಯನ್ನು ಇಳಿಸಿದವನ ಕೈಯಲ್ಲೇ ಅದು ಸಿಡಿಯಬಹುದು. ಆದ್ದರಿಂದ ಹೊತ್ತಿಕೊಳ್ಳದ ಕೋವಿಯ ಬಾಯಿ ಗುರಿಯ ಕಡೆಗೇ ಇರಬೇಕು, ಕನಿಷ್ಠ ಒಂದು ನಿಮಿಷ ಪೂರ್ತಿ. ಇನ್ನೂ ಹೆಚ್ಚು ಕಾದರೆ ನಷ್ಟವೇನೂ ಇಲ್ಲ. ಆಮೇಲೆಯೇ ಹೊಸ ಕೇಪು. ನಳಿಗೆಯ ಬಾಯಿಗೆ ಇಣುಕಿ ನೋಡುವ ಮಾತೇ ಇಲ್ಲ.

ಈಗ 11ನೇ ನಂಬರಿನ ಕೇಪು. ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ಉಪಾಯಕ್ಕೆ ಅಲೆಕ್ಸಾಂಡರ್ ಫೋರ್ಸೈತ್ 1807ರಲ್ಲಿ ಪೇಟೆಂಟ್ ಪಡೆದರು. ಆ ವಂಶದ ಚಿಕ್ಕ ತಾಮ್ರದ ಟೋಪಿ ಇದು. 1985ರಲ್ಲಿ ಟೋನಿ ನೈಟ್ ತಮ್ಮ ಎಂಕೆ-85 ರೈಫಲ್‌ನಲ್ಲಿ ಈ ಕೇಪನ್ನು ಮದ್ದಿನ ಬೆನ್ನಿಗೇ ನೇರವಾಗಿ ಇಟ್ಟಾಗ, ಮೂಲೆ ತಿರುಗಿ ಹೋಗುತ್ತಿದ್ದ ಉರಿಗೆ ನೇರ ದಾರಿ ಸಿಕ್ಕಿತು. ದಾರಿ ನೇರವಾದರೂ ಉರಿ ಮಾತ್ರ ಗಿಡ್ಡ. ಪುಡಿಯಾಗಿ ಸುರಿದ ಸಾಂಪ್ರದಾಯಿಕ ಕರಿಮದ್ದನ್ನು ಇದು ಸಲೀಸಾಗಿ ಹೊತ್ತಿಸಿತು. ಕರಿಮದ್ದಿನ ಬದಲಿಗೆ ಬಳಸುವ ಪೈರೊಡೆಕ್ಸ್ ಪುಡಿಯೂ ಪರವಾಗಿಲ್ಲ. ಗುಳಿಗೆಯ ರೂಪದ ಮದ್ದು ಬಂದಾಗ ಮುನಿಸು ಶುರುವಾಯಿತು, ತಡೆದು ಸಿಡಿಯುವುದು ಇಲ್ಲಿಯೇ ಹೆಚ್ಚು ಕಂಡಿತು.

ಇದರ ಇನ್ನೊಂದು ರೋಗ ಮೊದಲ ಪೆಟ್ಟಿಗೆ 'ಟಿಕ್', ಎರಡನೆಯದಕ್ಕೆ ಗುಂಡು. ಅದನ್ನು ಕೆಟ್ಟ ಕೇಪೆಂದು ಎಸೆಯುವವರು ಬಹಳ. ನಿಜವಾಗಿ ಕೇಪು, ಅದು ಕೂರುವ ತೂತುಳ್ಳ ಮೊಳೆಯಾದ ನಿಪ್ಪಲ್‌ನ ಮೇಲೆ ಪೂರ್ತಿ ಕೂತಿರುವುದಿಲ್ಲ. ಮೊದಲ ಪೆಟ್ಟು ಅದನ್ನು ಕೂರಿಸುವುದರಲ್ಲೇ ಮುಗಿದುಹೋಗುತ್ತದೆ. ನಿಪ್ಪಲ್‌ನ ತುದಿ ಹೊಡೆತಕ್ಕೆ ಚಪ್ಪಟೆಯಾಗಿ ಅರಳಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಅರಳಿದ್ದರೆ ಬದಲಿಸಿ. ಇಲ್ಲವಾದರೆ ಬೇರೆ ತಯಾರಿಕೆಯ ಕೇಪು ತನ್ನಿ, ಒಂದೇ ನಂಬರಿನವುಗಳಲ್ಲೂ ಅಳತೆ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುತ್ತದೆ.

ಮಸ್ಕೆಟ್ ಕೇಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಚುಳ್ಳ ಟೋಪಿಯಂತಹ ದೊಡ್ಡ ಕೇಪು, ಮರಗಟ್ಟಿದ ಬೆರಳಿಗೂ ಸಿಗುತ್ತದೆ, ಉರಿಯೂ ಧಾರಾಳ. ಆದರೆ ತೆರೆದ ನಿಪ್ಪಲ್‌ನ ಮೇಲೆ ಕೂರುವುದರಿಂದ ಮಳೆಯಲ್ಲಿ ಚಿಕ್ಕ ಕೇಪಿನಷ್ಟೇ ಬಡಪಾಯಿ. ಅಮೆರಿಕದ ಐಡಾಹೊ ರಾಜ್ಯದಲ್ಲಿ, ಈ ಬಗೆಯ ಕೋವಿಗೆಂದೇ ಮೀಸಲಾದ ಬೇಟೆಯ ಋತುವಿನಲ್ಲಿ 209 ಪ್ರೈಮರ್‌ಗೆ ಅನುಮತಿಯಿಲ್ಲ. ಅಂತಹ ಕಡೆ ನನ್ನ ಆಯ್ಕೆ ಇದೇ.

209 ಪ್ರೈಮರ್ ಹುಟ್ಟಿದ್ದು ಶಾಟ್‌ಗನ್ ತೋಟೆಗಳಿಗಾಗಿ. ಉರಿ ಉದ್ದ, ಬಿಸಿ ಹೆಚ್ಚು, ಬ್ರೀಚ್ ಪ್ಲಗ್‌ನ ಗೂಡಿನೊಳಗೆ ಭದ್ರವಾಗಿ ಕೂರುವುದರಿಂದ ತೇವಕ್ಕೂ ಅಷ್ಟು ಹೆದರುವುದಿಲ್ಲ. ಮೂರರಲ್ಲಿ ಹೆಚ್ಚು ನಂಬಿಕಸ್ಥ ಯಾವುದು ಎಂದರೆ ಅನುಮಾನವಿಲ್ಲದೆ ಇದು. ಆದರೆ ಗೂಡಿನಲ್ಲಿ ಪ್ರೈಮರ್ ಸಡಿಲವಾಗಿದ್ದರೆ ಉರಿಯ ಒಂದು ಪಾಲು ಹಿಂದಕ್ಕೆ ಸೋರುತ್ತದೆ. ಪ್ರೈಮರ್‌ನ ಹಿಂದೆ ಒತ್ತಿ ನಿಲ್ಲುವ ಬೋಲ್ಟ್‌ನ ಮುಖದ ಮೇಲೆ, ಪ್ರೈಮರ್‌ನ ಸುತ್ತ ಮಸಿ ಕಂಡರೆ ಅದೇ ಗುರುತು. ಇನ್ನೂ ಜೋರಾದ ಪ್ರೈಮರ್ ಹಾಕಿದರೆ ಸೋರಿಕೆಯೂ ಜೋರಾಗುತ್ತದೆ, ಅಷ್ಟೇ. ಗೂಡಿನ ಸಂದು ಸರಿಪಡಿಸಿದ ಮೇಲೆ ನನ್ನ ರೈಫಲ್‌ನಲ್ಲಿ ಸಾಧಾರಣ ಪ್ರೈಮರೇ ಸಾಕಾಯಿತು.

ಇಲ್ಲಿಂದ ಮುಂದೆ ಮದ್ದಿನ ಕಥೆ. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಹಳೆಯ ಕರಿಮದ್ದಿನಷ್ಟು ಸುಲಭವಾಗಿ ಹೊತ್ತುವುದು ಬೇರೊಂದಿಲ್ಲ. ಆದರೆ ಅದು ಬಿಡುವ ಕಿಟ್ಟ ಗಾಳಿಯ ತೇವ ಹೀರಿ, ಪ್ರತಿ ಗುಂಡಿನ ನಂತರ ನಳಿಗೆ ಒರೆಸುವಂತೆ ಮಾಡುತ್ತದೆ. ಆ ತಾಳ್ಮೆ ಇಲ್ಲದವರಿಗಾಗಿಯೇ ಬಂದದ್ದು ಉಳಿದ ಮೂರು ಬದಲಿ ಮದ್ದುಗಳು: ಪೈರೊಡೆಕ್ಸ್, ಟ್ರಿಪಲ್ ಸೆವೆನ್, ಬ್ಲ್ಯಾಕ್‌ಹಾರ್ನ್ 209.

ಪೈರೊಡೆಕ್ಸ್ ಹೊತ್ತಲು ಕರಿಮದ್ದಿಗಿಂತ ಹೆಚ್ಚು ಶಾಖ ಬೇಕು. ಅದರ 50 ಗ್ರೇನ್ (ಗ್ರೇನ್ ಎಂದರೆ ಮದ್ದಿನ ಅಳತೆ) ಗುಳಿಗೆಗಳ ಒಂದು ತುದಿ ಕಪ್ಪಗಿರುತ್ತದೆ. ಅಲ್ಲಿ ಕರಿಮದ್ದಿನ ಲೇಪವಿದೆ. ಆ ತುದಿ ಪ್ರೈಮರ್ ಕಡೆಗೆ ಇರಬೇಕು. ತಿರುಗುಮುರುಗಾಗಿ ಹಾಕಿದ ಗುಳಿಗೆ ಹೊತ್ತದಿದ್ದರೆ ಅಥವಾ ತಡೆದು ಹೊತ್ತಿದರೆ ಕೇಪನ್ನು ಬೈದು ಪ್ರಯೋಜನವಿಲ್ಲ. ಮಸ್ಕೆಟ್ ಕೇಪು ಮತ್ತು 209 ಎರಡೂ ಸರಿಯಾಗಿ ಇಳಿಸಿದ ಗುಳಿಗೆಯನ್ನು ತಕರಾರಿಲ್ಲದೆ ಹೊತ್ತಿಸಿದವು. ಇದರ ನಿಜವಾದ ಕಾಟ ಹೊತ್ತಿದ ಮೇಲೆ: ಉಳಿದ ಕಿಟ್ಟ ಉಕ್ಕನ್ನು ತಿನ್ನುತ್ತದೆ, ಅದೇ ದಿನ ತೊಳೆಯದಿದ್ದರೆ ನಳಿಗೆಗೆ ತುಕ್ಕು.

ಟ್ರಿಪಲ್ ಸೆವೆನ್‌ನಲ್ಲಿ ಗಂಧಕವಿಲ್ಲ, ನೀರಿಗೇ ತೊಳೆದುಹೋಗುತ್ತದೆ, ಗಂಧಕದ ವಾಸನೆಯ ರಗಳೆಯಿಲ್ಲ. ಅಳತೆಯಲ್ಲಿ ಕರಿಮದ್ದಿಗೆ ಸಮವಾಗಿ ಹಾಕಿದರೆ ಶಕ್ತಿ ಹೆಚ್ಚಾದೀತು ಎಂದು ತಯಾರಕರೇ ಶೇ. 15ರಷ್ಟು ಕಡಿಮೆ ಮಾಡಲು ಹೇಳುತ್ತಾರೆ. ಬ್ರೀಚ್ ಪ್ಲಗ್‌ನ ಸ್ವಲ್ಪ ಮುಂದೆ ನಳಿಗೆಯೊಳಗೆ ಗಟ್ಟಿ ಕಿಟ್ಟದ ಉಂಗುರ ಕಟ್ಟುವುದು ಇದರ ಹುಟ್ಟುಗುಣ. ಎರಡನೆಯ ಗುಂಡನ್ನು ಜಡಿಯುವಾಗ ಅದು ಆ ಉಂಗುರಕ್ಕೆ ತಾಗಿ ನಿಲ್ಲುತ್ತದೆ, ಮದ್ದಿನ ಮೇಲೆ ಕೂತಿತೆಂದು ನಾವು ನಂಬುತ್ತೇವೆ. ಗುಂಡಿಗೂ ಮದ್ದಿಗೂ ನಡುವೆ ಸಂದು ಉಳಿದರೆ ಮದ್ದು ಸರಿಯಾಗಿ ಉರಿಯದಿರುವುದು ಒಂದು ಕಡೆ, ನಳಿಗೆಯೇ ಉಬ್ಬುವ ಅಪಾಯ ಇನ್ನೊಂದು ಕಡೆ. ಜಡಿಯುವ ಗಜದ ಮೇಲೆ, ಖಾಲಿ ನಳಿಗೆಗೊಂದು, ತುಂಬಿದ ನಳಿಗೆಗೊಂದು ಗೆರೆ ಕೊರೆದಿಟ್ಟರೆ ಇದು ಕಣ್ಣಿಗೇ ಕಾಣುತ್ತದೆ. ಜೋರಾದ 209 ಬಳಸಿದಾಗ ಉಂಗುರ ದಪ್ಪಗೆ ಕಟ್ಟಿತು. ಈ ಕೋವಿಗಳಿಗೆಂದೇ ಮಾಡಿದ ಮೃದು 209 ಬಳಸಿದಾಗ ತೆಳುವಾಯಿತು, ಗುರಿಪಲಕದ ಮೇಲಿನ ತೂತುಗಳೂ ಹತ್ತಿರ ಬಂದವು. 'ಇನ್ನೂ ಜೋರು' ಎಂಬ ಸಲಹೆ ತಿರುಗಿ ಹೊಡೆಯುವುದು ಇಲ್ಲಿಯೇ.

ಬ್ಲ್ಯಾಕ್‌ಹಾರ್ನ್ 209ರದ್ದು ಇದಕ್ಕೆ ಪೂರ್ತಿ ಉಲ್ಟಾ ಸ್ವಭಾವ. ಹೆಸರಿನಲ್ಲೇ ಷರತ್ತು ಇದೆ: 11ನೇ ನಂಬರಿನ ಕೇಪಿಗೂ ಮಸ್ಕೆಟ್ ಕೇಪಿಗೂ ಇದು ಜಗ್ಗುವುದಿಲ್ಲ, ಮೃದು 209ಕ್ಕೂ ಮುಖ ತಿರುಗಿಸುತ್ತದೆ. ಪೂರ್ಣಬಲದ ಶಾಟ್‌ಗನ್ ಪ್ರೈಮರ್ ಬೇಕು, ಜೊತೆಗೆ ನಳಿಗೆಯಲ್ಲಿ ಬಿಗಿಯಾಗಿ ಇಳಿಯುವ ಗುಂಡು. ಸಲೀಸಾಗಿ ಜಾರುವ ಗುಂಡು ಹಾಕಿದರೆ ಒತ್ತಡ ಏರುವುದಿಲ್ಲ, ಮದ್ದು ಅರೆಬರೆ ಉರಿಯುತ್ತದೆ. ಷರತ್ತು ಪಾಲಿಸಿದರೆ ಮಾತ್ರ ಇದಕ್ಕೆ ಸಾಟಿಯಿಲ್ಲ. ಗುಂಡಿನ ಮೇಲೆ ಗುಂಡು ಒರೆಸದೆ ಹೊಡೆಯಬಹುದು. ಒಂದು ಮೋಸವಿದೆ. ನಳಿಗೆ ಚೊಕ್ಕಟವಾಗಿ ಕಾಣುವುದರಿಂದ ಬ್ರೀಚ್ ಪ್ಲಗ್ ಕೂಡ ಚೊಕ್ಕಟವಾಗಿದೆ ಎಂದುಕೊಳ್ಳುತ್ತೇವೆ. ಒಳಗೆ ಉರಿ ಹಾಯುವ ಕೊಳವೆಯಲ್ಲಿ ಇದ್ದಿಲು ಕಲ್ಲಿನಂತೆ ಗಟ್ಟಿಯಾಗುತ್ತಾ ಬರುತ್ತದೆ. ಈ ಮದ್ದಿನ ಕಿಟ್ಟಕ್ಕೆ ನೀರು ನಾಟುವುದಿಲ್ಲ, ಪೆಟ್ರೋಲಿಯಂ ಮೂಲದ ದ್ರಾವಕ ಬೇಕು. ಕೊಳವೆಯ ಇದ್ದಿಲಿಗೆ ಅದೂ ಸಾಲದು. 1/8 ಇಂಚಿನ ಡ್ರಿಲ್ ಬಿಟ್ಟನ್ನು ಕೈಬೆರಳಲ್ಲೇ ತಿರುಗಿಸಿ ಕೆರೆದು ತೆಗೆಯಬೇಕು. ಯಂತ್ರಕ್ಕೆ ಸಿಕ್ಕಿಸಬಾರದು, ತುದಿಯ ಸಣ್ಣ ಬೆಂಕಿತೂತನ್ನು ಮುಟ್ಟಲೂ ಬಾರದು. ಆ ತೂತು ಹೊಸದರಲ್ಲಿ ಸುಮಾರು ಮುಕ್ಕಾಲು ಮಿಲಿಮೀಟರ್ ಇರುತ್ತದೆ; ಉರಿಗೆ ಸವೆದು ತಾನೇ ದೊಡ್ಡದಾಗುತ್ತಾ ಹೋಗುತ್ತದೆ, ಆಗ ಪ್ಲಗ್ಗನ್ನೇ ಬದಲಿಸಬೇಕು.

ಹೀಗಾಗಿ ನನ್ನ ಜೋಡಿಗಳು ಇವು: ಕರಿಮದ್ದಿಗೆ ಯಾವ ಕೇಪಾದರೂ ಸರಿ, ಪೈರೊಡೆಕ್ಸ್ ಗುಳಿಗೆಗೆ ಮಸ್ಕೆಟ್ ಕೇಪು ಅಥವಾ ಸಾಧಾರಣ 209, ಟ್ರಿಪಲ್ ಸೆವೆನ್‌ಗೆ ಮೃದು 209, ಬ್ಲ್ಯಾಕ್‌ಹಾರ್ನ್‌ಗೆ ಪೂರ್ಣಬಲದ 209. ಒಂದನ್ನೇ ಇಟ್ಟುಕೊಳ್ಳಿ ಎಂದರೆ ಕೊನೆಯದನ್ನು ಇಟ್ಟುಕೊಳ್ಳುತ್ತೇನೆ, ಪ್ಲಗ್ ಕೆರೆಯುವ ಬೇಸರವನ್ನೂ ಸೇರಿಸಿಕೊಂಡು.

ಎಲ್ಲ ಜೋಡಿಗಳಿಗೂ ಸಮಾನ ಶತ್ರು ಎಣ್ಣೆ. ಶುಚಿಮಾಡಿ ಎಣ್ಣೆ ಹಚ್ಚಿಟ್ಟ ಕೋವಿಯ ಮೊದಲ ಗುಂಡೇ ಕೈಕೊಡುವುದಕ್ಕೆ ಕಾರಣ ಸಾಮಾನ್ಯವಾಗಿ ಬೆಂಕಿತೂತಿನಲ್ಲಿ ನಿಂತ ಎಣ್ಣೆ. ತುಂಬುವ ಮುನ್ನ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ನಳಿಗೆ ಒರೆಸಿ, ಒಣಬಟ್ಟೆ ಎಳೆದು, ನಳಿಗೆ ಖಾಲಿಯೆಂದು ಗಜದಿಂದ ಖಚಿತಪಡಿಸಿಕೊಂಡು, ಬಾಯಿಯನ್ನು ಸುರಕ್ಷಿತ ದಿಕ್ಕಿನಲ್ಲಿ ನೆಲದ ಹುಲ್ಲಿಗೆ ಹಿಡಿದು ಒಂದು ಕೇಪು ಸಿಡಿಸಿ. ಹುಲ್ಲು ಅಲುಗಿದರೆ ದಾರಿ ತೆರೆದಿದೆ. ಬ್ರೀಚ್ ಪ್ಲಗ್‌ನ ತಿರುಪಿನ ಮರೆಗಳಿಗೆ ಗ್ರೀಸ್ ಬೇಕೇ ಬೇಕು, ಇಲ್ಲವಾದರೆ ಅದು ಕಚ್ಚಿಕೊಂಡು ಬರುವುದೇ ಇಲ್ಲ. ಆದರೆ ಮರೆಗಳಿಗೆ ಮಾತ್ರ, ಪ್ಲಗ್‌ನ ಮುಖಕ್ಕೆ ಒಂದಿಷ್ಟೂ ತಾಗಬಾರದು. ಚಳಿಯಲ್ಲಿದ್ದ ತುಂಬಿದ ಕೋವಿಯನ್ನು ಬೆಚ್ಚಗಿನ ಜಾಗಕ್ಕೆ ತಂದರೆ ಒಳಗೆ ಬೆವರು ಕೂರುತ್ತದೆ ಎಂಬುದನ್ನೂ ಮರೆಯಬೇಡಿ. ಇಷ್ಟಾದ ಮೇಲೂ 'ಟಿಕ್' ಎನ್ನುತ್ತಿದ್ದರೆ ಸಿಡಿಯದ ಪ್ರೈಮರ್‌ನ ಬೆನ್ನು ನೋಡಿ: ಪಿನ್ ಕೊಟ್ಟ ಗುಳಿ ಆಳವಾಗಿದ್ದರೆ ಪ್ರೈಮರ್ ಕೆಟ್ಟಿದೆ, ಮೇಲುಮೇಲಿದ್ದರೆ ಬೋಲ್ಟ್ ಬಿಚ್ಚಿ ಅಲ್ಲಿ ಹೆಪ್ಪುಗಟ್ಟಿದ ಗ್ರೀಸ್ ತೆಗೆಯಿರಿ. ಆಗಲೂ ಗುಳಿ ಆಳವಾಗದಿದ್ದರೆ ಸ್ಪ್ರಿಂಗ್ ಬದಲಿಸಿ.