ಒಂದೇ ಔಷಧ, ಎರಡು ಬಾಟಲಿ

"ಎರಡೂ ಒಂದೇ ಔಷಧ ಅಣ್ಣಾ, ಐವತ್ತರದ್ದು ಗಟ್ಟಿ ಇದೆ, ಅದನ್ನೇ ಒಯ್ಯಿರಿ" ಎಂದ ಗೊಬ್ಬರದ ಅಂಗಡಿಯವನು. ಎರಡೂ ಭತ್ತದ ಗದ್ದೆಯ ಕಳೆನಾಶಕ ಪ್ರೆಟಿಲಾಕ್ಲೋರ್ ಎಂಬುದು ನಿಜ. ಆದರೆ ಶೇ 30.7ರ ಬಾಟಲಿಯಲ್ಲಿ ಆ ವಿಷದಿಂದ ಭತ್ತವನ್ನು ಕಾಯುವ ಫೆನ್‌ಕ್ಲೋರಿಮ್ ಎಂಬ ರಕ್ಷಕವೂ ಇರುತ್ತದೆ. ಶೇ 50ರದ್ದರಲ್ಲಿ ಅದಿಲ್ಲ, ಅದು ನಾಟಿ ಗದ್ದೆಗೆಂದೇ ಇರುವುದು. ಮಾನ್ವಿ ಕಡೆಯ ನಮ್ಮ ಹೊಲಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಆ ಮುಂಗಾರಿನಲ್ಲಿ ತಡವಾಗಿ ಬಂತು. ಸಸಿ ಮಡಿ ಮಾಡುವ ಕಾಲ ಮೀರಿದ್ದರಿಂದ ನಾಟಿ ಬಿಟ್ಟು, ಮೊಳಕೆ ಬೀಜವನ್ನು ನೇರವಾಗಿ ಕೆಸರಿಗೆ ಸಾಲಾಗಿ ಬಿತ್ತುವ ಡ್ರಮ್ ಸೀಡರ್ ಹಿಡಿದೆ. ಎರಡೂ ಬಾಟಲಿ ಕೊಂಡು ತಂದು ಅರ್ಧ ಎಕರೆಯನ್ನು ಐದೈದು ಗುಂಟೆಯ ನಾಲ್ಕು ತುಂಡು ಮಾಡಿದೆ.

ಅಳತೆಯಲ್ಲಿ ಮೋಸವಾಗಬಾರದೆಂದು ಲೆಕ್ಕ ಹಾಕಿದೆ. ರಕ್ಷಕವಿರುವುದು ಎಕರೆಗೆ 600 ಮಿ.ಲೀ. ಎಂದರೆ ಐದು ಗುಂಟೆಗೆ 75. ಅಷ್ಟೇ ವಿಷ ಬೀಳಬೇಕಾದರೆ ಐವತ್ತರದ್ದು 46 ಮಿ.ಲೀ. ಸಾಕು. ಬಿತ್ತಿದ ಮೂರನೆಯ ದಿನ, ನಿಂತ ನೀರು ಬಸಿದು, ಕೆಸರಿನ ಮೇಲೆ ಒಂದು ತುಂಡಿಗೆ ಒಂದನ್ನು, ಪಕ್ಕದ ತುಂಡಿಗೆ ಇನ್ನೊಂದನ್ನು ಸಿಂಪಡಿಸಿದೆ.

ಹತ್ತನೆಯ ದಿನಕ್ಕೇ ವ್ಯತ್ಯಾಸ ಬದುವಿನ ಮೇಲಿಂದ ಕಾಣುತ್ತಿತ್ತು. ಐವತ್ತರ ತುಂಡಿನಲ್ಲಿ ಕಳೆಯೂ ಇಲ್ಲ, ಭತ್ತವೂ ಅಷ್ಟಕ್ಕಷ್ಟೆ. ಉಳಿದ ಸಸಿಗಳು ಕುಳ್ಳಾಗಿ, ಕಡುಹಸಿರಾಗಿ, ಎಲೆ ಸುರುಳಿ ಬಿಚ್ಚಲಾಗದೆ ಮುರುಟಿದ್ದವು. ಪಕ್ಕದ ತುಂಡಿನಲ್ಲಿ ಸಾಲು ಸಾಲು ಭತ್ತ ಎದ್ದಿತ್ತು. ಫೆನ್‌ಕ್ಲೋರಿಮ್ ಕಳೆನಾಶಕವನ್ನು ಕೊಲ್ಲುವುದಿಲ್ಲ. ಭತ್ತದ ಸಸಿಯೊಳಗೆ ಆ ವಿಷವನ್ನು ಸಸಿಯಲ್ಲೇ ಇರುವ ಗ್ಲುಟಾಥಯೋನ್ ಎಂಬ ವಸ್ತುವಿಗೆ ಕಟ್ಟಿ ನಿರ್ವಿಷಗೊಳಿಸುವ ಕಿಣ್ವಗಳನ್ನು ಹೆಚ್ಚಿಸುತ್ತದೆ. ಸಸಿ ತನ್ನ ಕೆಲಸವನ್ನೇ ಚುರುಕಾಗಿ ಮಾಡಿಕೊಳ್ಳುತ್ತದೆ, ಅಷ್ಟೆ.

ಆ ಒಳ್ಳೆಯ ತುಂಡಿನಲ್ಲೂ ಒಂದು ಮೂಲೆ ಬೋಳಾಗಿತ್ತು. ಬಾಟಲಿಯನ್ನು ಬೈಯುವ ಮುಂಚೆ ಮಗನನ್ನು ಕೇಳಿದೆ. ಮೊಳಕೆ ಬೀಜ ಮುಗಿದಾಗ, ಬರಿ ನೆನೆಸಿದ್ದ ಬೀಜವನ್ನೇ ಅಲ್ಲಿ ಎರಚಿದ್ದನಂತೆ. ರಕ್ಷಕವನ್ನು ಹೆಚ್ಚಾಗಿ ಹೀರುವುದು ಬೇರು. ಬೇರೇ ಬಿಡದ ಬೀಜಕ್ಕೆ ಅದು ಪಕ್ಕದಲ್ಲಿದ್ದೂ ದಕ್ಕುವುದಿಲ್ಲ. ಒಂದು ದಿನ ನೆನೆಸಿ, ಇನ್ನೊಂದು ದಿನ ಗೋಣಿ ಚೀಲದಲ್ಲಿ ಕಟ್ಟಿಟ್ಟು, ಬಿಳಿ ಮೊಳಕೆ ಕಂಡ ಮೇಲೆಯೇ ಬಿತ್ತಬೇಕು.

ಮೂರನೆಯ ತುಂಡಿಗೆ ಇಪ್ಪತ್ತನೆಯ ದಿನ, ಎದ್ದ ಕಳೆಯ ಮೇಲೆ ಹೊಡೆಯುವ ಬಿಸ್ಪೈರಿಬ್ಯಾಕ್ ಎಂಬ ಕಳೆನಾಶಕ ಹೊಡೆದೆ, ಎಕರೆಗೆ 100 ಮಿ.ಲೀ. ಲೆಕ್ಕದಲ್ಲಿ. ಭತ್ತಕ್ಕೆ ನೋವಾಗಲಿಲ್ಲ, ಕಳೆಯೂ ಒಣಗಿತು. ಆದರೆ ಅಲ್ಲಿಯವರೆಗೆ ಗೊಬ್ಬರ ತಿಂದದ್ದು ಕಳೆಯೇ. ನಾಲ್ಕನೆಯ ತುಂಡಿನ ಕೈಕಳೆಯ ಬಗ್ಗೆ ಏನು ಹೇಳಲಿ? ಆಳು ಸಿಗುವ ದಿನಕ್ಕೆ ಕಳೆ ಮೊಣಕಾಲೆತ್ತರ.

ನನ್ನ ಮತ ರಕ್ಷಕವಿರುವ ಬಾಟಲಿಗೇ. ಆದರೂ ಒಂದು ತಕರಾರಿದೆ. ಕಳೆಯಾಗಿ ಏಳುವ ಕಾಡು ಭತ್ತವೂ ಭತ್ತವೇ ಆದ್ದರಿಂದ ಗದ್ದೆಯ ಮೇಲೆ ಸಿಂಪಡಿಸಿದ ರಕ್ಷಕ ಅದನ್ನೂ ಸಾಕುತ್ತದೆ. ಬೀಜಕ್ಕೇ ರಕ್ಷಕ ಲೇಪಿಸಿದರೆ ಈ ತೊಡಕು ಇರುವುದಿಲ್ಲ. ಅಮೆರಿಕದ ಜೋಳದ ಬೀಜಕ್ಕೆ ಫ್ಲಕ್ಸೋಫೆನಿಮ್ ಎಂಬ ರಕ್ಷಕ ಲೇಪಿಸಿ, ಮೆಟೋಲಾಕ್ಲೋರ್ ಎಂಬ ಕಳೆನಾಶಕ ಹೊಡೆಯುವ ರೂಢಿ ಬಹಳ ಹಿಂದಿನದು. ಭತ್ತದ ಬೀಜಕ್ಕೆ ಫೆನ್‌ಕ್ಲೋರಿಮ್ ಲೇಪಿಸುವ ಪ್ರಯೋಗಗಳೂ ಅಲ್ಲಿ ನಡೆದಿವೆ. ನಮ್ಮ ಅಂಗಡಿಯಲ್ಲಿ ಅಂಥ ಬೀಜ ಕೇಳಿದರೆ, ಅವನು ಮತ್ತೆ ಐವತ್ತರ ಬಾಟಲಿಯನ್ನೇ ಮುಂದಿಟ್ಟ.